ಏಳನೇ ಹಾಸಿಗೆಯ ಉಸಿರು

ಮಧ್ಯಾಹ್ನ ಶುರುವಾದ ಮಳೆಗೆ ಸಮಾರ್ ದ್ವೀಪದ ನಮ್ಮ ಆಸ್ಪತ್ರೆಯ ಮುಂದಿನ ರಸ್ತೆ ಮುಳುಗಿತ್ತು. ಪಾಳಿ ಮುಗಿದರೂ ಮನೆಗೆ ಹೋಗಲು ಗಾಡಿಗಳಿಲ್ಲ. ಹೊಸದಾಗಿ ಸೇರಿದ್ದ ನಾವು ನಾಲ್ವರು ನರ್ಸುಗಳು ಬಿಸಿ ಶುಂಠಿ ಕಷಾಯ ಹಿಡಿದು ಲೋಲಾ ಬಸಿಲಿಸಾರನ್ನು ಸುತ್ತುವರಿದೆವು. ಇದೇ ವಾರ್ಡಿನಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದರೂ ಆಗಾಗ ಬಂದು ಹೋಗುವ ಅವರು ನಮಗೆಲ್ಲ ‘ಲೋಲಾ’, ಅಂದರೆ ಅಜ್ಜಿ.

“ದೆವ್ವ ಅಂದ್ರೆ ನಗ್ತೀರಲ್ವಾ? ನಗಿ, ನಗಿ... ನಾನೂ ನಕ್ಕೋಳೇ. ಆಗ ನಂಗೆ ಇಪ್ಪತ್ತೆರಡು, ಕೆಲಸಕ್ಕೆ ಸೇರಿ ಎರಡನೇ ವಾರ. ಕೈ ಮುರ್ಕೊಂಡ ಆರು ವರ್ಷದ ಹುಡುಗಿ ಒಬ್ಳು ಸೂರು ಹಾರಿಹೋಗೋ ಹಾಗೆ ಕಿರಚ್ತಿದ್ಳು, ಎಲ್ರೂ ಅವಳ ಹತ್ರಾನೇ. ಏಳನೇ ಹಾಸಿಗೇಲಿ ಕ್ರಿಸಾಂತೊ ಅಜ್ಜ ಅಂತ ಎಂಬತ್ತರ ಮೀನುಗಾರ, ಕಾಲಿನ ಗಾಯಕ್ಕೆ ಬಂದೋನು, ಸುಮ್ನೆ ಮಲಗಿದ್ದ... ಗಂಜಿ ಬೇಡ ಅಂದ, ಮಗಳನ್ನ ಸತ್ತ ಹೆಂಡ್ತಿ ಹೆಸರು ಹಿಡಿದು ಕರೆದ. ‘ವಯಸ್ಸಾಯ್ತಲ್ಲ ಮಿಸ್, ಅರಳುಮರಳು’ ಅಂದ್ಳು ಮಗಳು. ಮುಟ್ಟಿ ನೋಡ್ದೆ, ಜ್ವರ ಇಲ್ಲ. ‘ಆರಾಮ’ ಅಂತ ಚೀಟೀಲಿ ಬರೀಬೇಕು, ಅಷ್ಟರಲ್ಲಿ ನನ್ನ ಮಣಿಕಟ್ಟಿನ ಮೇಲೆ ಒಂದು ಕೈ ಬಿತ್ತು. ಎಷ್ಟು ತಣ್ಣಗಿತ್ತು ಅಂತೀರಾ!

ತಿರುಗಿದ್ರೆ ಬಿಳಿ ಟೋಪಿಯ ಹಿರಿಯ ನರ್ಸು. ಅಂಗಿಯಿಂದ ನೀರು ತೊಟ್ಟಿಕ್ತಿದೆ. ‘ಆ ಮಗೂಗೆ ಕಿರಚೋಷ್ಟು ಶಕ್ತಿ ಇದೆ ಕಣೇ. ಈ ಮುದುಕನ ಉಸಿರು ಎಣಿಸಿದ್ಯಾ?’

‘ಜ್ವರ ಇಲ್ವಲ್ಲ...’

‘ಈ ವಯಸ್ಸಲ್ಲಿ ಕಾಯಿಲೆ ಜ್ವರ ತೋರಿಸ್ಕೊಂಡೇ ಬರುತ್ತಾ? ನಿನ್ನೆ ಮಗಳ ಗುರುತಿತ್ತು, ಇವತ್ತಿಲ್ಲ. ಅದೇ ಲಕ್ಷಣ. ಎಣಿಸು!’

ಎದೆ ನೋಡ್ತಾ ಒಂದು ನಿಮಿಷ ಎಣಿಸ್ದೆ. ಮೂವತ್ನಾಲ್ಕು! ಇಪ್ಪತ್ತು ದಾಟ್ಬಾರ್ದು. ಓಡ್ದೆ. ಡಾಕ್ಟ್ರು ಬಂದು ಪರೀಕ್ಷೆ ಮಾಡಿದೋರೇ ‘ನ್ಯುಮೋನಿಯಾ’ ಅಂದ್ರು, ಆಕ್ಸಿಜನ್ ಹಚ್ಚಿದ್ರು, ಸೂಜಿ ಕೊಟ್ರು... ನಾಲ್ಕನೇ ದಿನ ಮುದುಕ ಗಂಜಿಗೆ ಉಪ್ಪಿಲ್ಲ ಅಂತ ನನ್ನ ಬೈದ. ಬೈಸ್ಕೊಂಡು ಅಷ್ಟು ಖುಷಿ ನಂಗೆ ಯಾವತ್ತೂ ಆಗಿರ್ಲಿಲ್ಲ.

ಅವತ್ತೇ, ಡಾಕ್ಟ್ರು ಹೋದ್ಮೇಲೆ, ಆ ಹಿರಿಯ ನರ್ಸು ಎಲ್ಲಿ ಅಂತ ಕೇಳಿದ್ರೆ ಮಗಳು ಕಣ್ ಕಣ್ ಬಿಟ್ಳು. ‘ಯಾರಿದ್ರು ಮಿಸ್? ನೀವೊಬ್ರೇ ಮಾತಾಡ್ಕೋತಿದ್ರಿ.’ ನೆಲ ಒರೆಸೋ ಹೆಂಗಸು ಎದೆ ಮೇಲೆ ಶಿಲುಬೆ ಗುರುತು ಹಾಕ್ಕೊಂಡ್ಳು. ‘ಅದು ತೆಯೊಡೋರಾ ಅವ್ರು... ಹಿಂದೆ ಇಲ್ಲೇ ನರ್ಸಾಗಿದ್ರು, ಚಂಡಮಾರುತದ ನೀರು ನುಗ್ಗಿದಾಗ ರೋಗಿಗಳನ್ನ ಮಹಡಿಗೆ ಹೊತ್ತು ಹಾಕಿ, ಇನ್ನೊಬ್ರು ಉಳಿದಿದ್ದಾರೆ ಅಂತ ಇಳಿದೋರು ಮೇಲೆ ಬರ್ಲೇ ಇಲ್ಲ.’ ಮಾರನೇ ದಿನಾನೂ ಕೆಲಸಕ್ಕೆ ಬಂದೆ. ಅಂಥೋರು ಜೊತೆಗಿರೋವಾಗ ಹೆದರಿಕೆ ಯಾಕೆ?”

ಯಾರೂ ನಗಲಿಲ್ಲ. ಲೋಲಾ ನನ್ನತ್ತ ತಿರುಗಿದರು.

“ನಿನ್ನೆ ಒಂದು ತಿಂಗಳ ಕೂಸು ಅಳದೇ ಮಲಗಿತ್ತಂತೆ, ‘ಒಳ್ಳೇ ಮಗು’ ಅಂತ ಎಲ್ರೂ ಅಂದ್ರಂತೆ. ನೀನೊಬ್ಳೇ ಡಾಕ್ಟ್ರನ್ನ ಕೂಗಿದ್ಯಂತೆ. ಇವತ್ತು ಹಾಲು ಕುಡೀತಿದೆ ಪಾಪು. ನಿಂಗೆ ಹೇಗೆ ಹೊಳೀತೇ?”

“ನೀವೇ ಅಲ್ವಾ ಲೋಲಾ, ಹಿಂದೆ ನಿಂತು ‘ಬಟ್ಟೆ ಬಿಚ್ಚಿ ಎದೆ ನೋಡು’ ಅಂದಿದ್ದು? ಅವಸರದಲ್ಲಿ ನಾನು ತಿರುಗಿಯೂ ನೋಡ್ಲಿಲ್ಲ.”

ಲೋಲಾ ಮೆಲ್ಲಗೆ ನನ್ನ ಕೆನ್ನೆ ಸವರಿದರು.

“ನಿನ್ನೆ ನಾನು ಊರಲ್ಲೇ ಇರ್ಲಿಲ್ಲ, ಮಗಳೇ...”