ರೀಸ್ಟಾರ್ಟ್ ಮಾಡಿ ನೋಡಿ

ಫೈನಾನ್ಸ್ ಕಂಪನಿಯ ಕೆಳಮಹಡಿಯಲ್ಲಿ ಒಂದು ಸಹಿಗಾಗಿ ಕಾಯುತ್ತಾ ಕೂತಿದ್ದೆ. ರಟ್ಟಿನ ಡಬ್ಬ ಹಿಡಿದು ಹೊರಟಿದ್ದ ನಡುವಯಸ್ಸಿನವರೊಬ್ಬರನ್ನು, ಕೊರಳಲ್ಲಿ ‘ಐಟಿ ಸಪೋರ್ಟ್’ ಎಂಬ ಹೊಸ ಕಾರ್ಡಿದ್ದ ಹುಡುಗಿ ಗೇಟಿನ ಬಳಿ ತಡೆದಳು.

“ಚಿಕ್ಕಪ್ಪಾ, ಒಂದ್ನಿಮಿಷ.”

“ನನ್ನ ಕೆಲ್ಸ ಹೋಗಿದ್ದು ನಿಂಗೆ ಬೆಳಿಗ್ಗೇನೇ ಗೊತ್ತಿತ್ತಾ?”

“ನಿಮ್ಮ ಲಾಗಿನ್ ಬ್ಲಾಕ್ ಮಾಡು ಅಂತ ಮೇಲ್ ಬಂದಿತ್ತು. ಯಾರನ್ನ ತೆಗೀತಾರೋ ಅವ್ರಿಗಿಂತ ಮುಂಚೆ ನಮ್ಗೇ ಹೇಳ್ತಾರೆ.”

“ನೀನೂ ಮಾಡ್ಬಿಟ್ಟೆ.”

“ಯಾರ ಹತ್ರಾನೂ ಬಾಯಿ ಬಿಡಬಾರ್ದು ಅಂದಿದ್ರು. ಸೇರಿ ಇನ್ನೂ ತಿಂಗಳಾಗಿಲ್ಲ, ಚಿಕ್ಕಪ್ಪ.”

“ಸೇರಿಸಿದ್ದು ಯಾರು? ಮ್ಯಾನೇಜರ್ ಕೈಕಾಲು ಹಿಡಿದೋನು ನಾನು.”

“ಗೊತ್ತು.”

“ಬ್ಲಾಕ್ ಮಾಡಿದ್ದಕ್ಕೆ ಬೇಜಾರಿಲ್ಲ ಕಣೇ, ಅದು ನಿನ್ನ ಕೆಲ್ಸ. ಲಾಗಿನ್ ಆಗ್ತಿಲ್ಲ ಅಂತ ಫೋನ್ ಮಾಡ್ದಾಗ ನೀನೇ ತಾನೆ ಎತ್ತಿದ್ದು? ಏನಂದೆ?”

ಹುಡುಗಿ ತಲೆ ತಗ್ಗಿಸಿದಳು.

“ರೀಸ್ಟಾರ್ಟ್ ಮಾಡಿ ನೋಡಿ ಅಂದೆ.”

“ಮಾಡ್ದೆ. ಊಟಕ್ಕೂ ಏಳದೆ ಮಾಡ್ತಾನೇ ಇದ್ದೆ. ನಮ್ಮ ಹುಡುಗಿ ನೋಡ್ತಿದಾಳೆ, ಸರಿ ಮಾಡ್ತಾಳೆ ಅಂತ ಅಕ್ಕಪಕ್ಕದವರಿಗೆಲ್ಲ ಹೇಳ್ಕೊಂಡೆ.”

ಅವರ ಕಾರ್ಡಿಗೆ ಗೇಟು ತೆರೆಯಲಿಲ್ಲ. ಹುಡುಗಿ ತನ್ನ ಕಾರ್ಡು ತೋರಿಸಿದಳು. ಗೇಟು ತೆರೆಯಿತು, ಸ್ವಲ್ಪ ಹೊತ್ತು ಕಾಯಿತು, ಮತ್ತೆ ಮುಚ್ಚಿಕೊಂಡಿತು. ಅವರು ಕದಲಲಿಲ್ಲ.

“ವಾಚ್‌ಮನ್, ಸ್ವಲ್ಪ ಗೇಟ್ ತೆಗೀತೀರಾ?” ಎಂದರು. “ಇಲ್ಲಿ ನನ್ನೋರು ಅಂತ ಯಾರೂ ಇಲ್ಲ.”