ಕೆಮ್ಮಣ್ಣಿನ ಕೆಳಗೆ

ಈ ದೃಷ್ಟಾಂತವನ್ನು ಮೊದಲು ಹೇಳಿದವರು ಹೊಸದುರ್ಗದ ಕಡೆಯ ಪ್ರವಚನಕಾರರಾದ ಮರುಳಸಿದ್ದಯ್ಯನವರು. ಹೇಳಿದ್ದು ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ವಾರವಿದ್ದಾಗ, ಒಂದು ಸೋಮವಾರದ ಸಂಜೆ. ಕೇಳಿದಂತೆಯೇ ಇಲ್ಲಿದೆ.

“ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಮಗಳು ಬಾಣಂತನಕ್ಕೆ ಬಂದಿದ್ದಳು. ಎಳೆಗೂಸಿಗೆ ಎರೆಯಬೇಕು, ಬಚ್ಚಲ ಹಳೆಯ ಹಂಡೆಯೋ ತೂತು. ಸಾಹುಕಾರ ತಾಮ್ರದ ಹೊಸ ಬಾಯ್ಲರು ತಂದು, ಹಂಡೆಯಿದ್ದ ಕಟ್ಟೆಯ ಮೇಲೆಯೇ ನಿಲ್ಲಿಸಿದ. ನೀರು ತುಂಬಿದ್ದೇ ತಡ, ಅದು ಈಚೆಗೆ ವಾಲಿತು. ಈಚೆಗೆ ಎಂದರೆ ಎಲ್ಲಿಗೆ? ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವ ಮಣೆಯ ಕಡೆಗೆ.

‘ಮಾಲೇ ಸರಿಯಿಲ್ಲ’ ಎಂದು ಹಿಂದಿರುಗಿಸಿ ಬೇರೆಯದನ್ನು ತಂದ. ಅದೂ ವಾಲಿತು, ಅದೇ ಕಡೆಗೆ. ದೃಷ್ಟಿಯಾಗಿದೆಯೆಂದು ನಿಂಬೆಹಣ್ಣು ಕಟ್ಟಿಸಿದ. ಮತ್ತೂ ವಾಲಿತು. ಎರಡು ಬಾಯ್ಲರಿಗೂ ಒಂದೇ ರೋಗ ಹೇಗೆ? ಅವನ ತಲೆ ಕೆಟ್ಟುಹೋಯಿತು. ನೋಡಿ, ಕಟ್ಟೆಯ ಮೇಲೆ ಮಾತ್ರ ಅನುಮಾನವಿಲ್ಲ. ಏಕೆ? ವರ್ಷ ವರ್ಷವೂ ಹಬ್ಬಕ್ಕೆ ಕೆಮ್ಮಣ್ಣು ಬಳಿದು, ಸುಣ್ಣದ ಗೆರೆ ಎಳೆದು ಪೂಜಿಸಿದ ಕಟ್ಟೆ. ಪೂಜಿಸಿದ್ದನ್ನು ಅನುಮಾನಿಸುವುದುಂಟೆ?

ಹೆಂಡತಿ ಕೇಳಿದಳು: ‘ಅಲ್ಲಾರೀ, ಕಟ್ಟೆ ಕೆರೆದು ನೋಡಿದ್ರಾ?’

‘ಅದ್ಕೇನಾಗೈತೆ? ಕನ್ನಡಿ ಹಂಗೈತೆ.’

‘ಕನ್ನಡಿ ಮಾಡಿದೋಳು ನಾನೇ. ವರ್ಷವರ್ಷ ಬಿರುಕು ಬಿಡ್ತಿತ್ತು, ವರ್ಷವರ್ಷ ಬಳೀತಿದ್ದೆ. ಒಳಗೇನೈತೋ ನಂಗೂ ಗೊತ್ತಿಲ್ಲ.’

ಕೆರೆದರು. ಪದರದ ಮೇಲೆ ಪದರ ಕೆಮ್ಮಣ್ಣು. ಅದರ ಕೆಳಗೆ ಬೂದಿ, ನೆನೆದು ಕೊಳೆತು ನಾರುವ ಮಣ್ಣು. ಹಳೆಯ ಹಂಡೆ ಏಕೆ ವಾಲಲಿಲ್ಲ? ಅದನ್ನು ಹೊತ್ತಿದ್ದು ಒಲೆಯ ಗುಂಡುಕಲ್ಲುಗಳು. ಬಾಯ್ಲರಿಗೆ ಕಟ್ಟೆಯೊಂದೇ ಗತಿ. ಗಟ್ಟಿ ನೆಲ ಸಿಗುವವರೆಗೆ ಅಗೆದರು. ಸೈಜುಗಲ್ಲು ಕೂರಿಸಿ, ಕಾಂಕ್ರೀಟು ಹಾಕಿ, ತಟ್ಟೆಯಲ್ಲಿ ನೀರಿಟ್ಟು ಮಟ್ಟ ನೋಡಿದರು. ಅದು ಬಲಿಯುವವರೆಗೆ ಅಡುಗೆಮನೆಯಲ್ಲೇ ನೀರು ಕಾಯಿಸಿದರು. ಆಮೇಲೆ ಬಾಯ್ಲರು ನೆಟ್ಟಗೆ ನಿಂತಿತು. ಕೂಸನ್ನು ಮಣೆಗೆ ತಂದರು.

ಈಗ ನಿಮ್ಮ ಬಚ್ಚಲಿಗೆ ಬರೋಣ. ಒಡಹುಟ್ಟಿದವರೊಡನೆ ಮಾತು ಬಿಟ್ಟಿರಿ. ಹಬ್ಬ ಬಂತೆಂದು ಹೋಳಿಗೆ ಕಳಿಸಿದಿರಿ. ಅದು ಕೆಮ್ಮಣ್ಣು. ಬಿರುಕು ಏಕೆ ಬಿಟ್ಟಿತೆಂದು ಕೇಳಿದಿರಾ? ಕೇಳಲಿಲ್ಲ. ಮರುವರ್ಷ ಮತ್ತೆ ಹೋಳಿಗೆ, ಮತ್ತೆ ಕೆಮ್ಮಣ್ಣು. ಈ ಸಲ ಹೋಳಿಗೆಗೆ ಮೊದಲು ನೀವೇ ಹೋಗಿ. ‘ನನ್ನಿಂದ ಏನಾಯಿತು?’ ಎಂದು ಕೇಳಿ. ಬರುವ ಉತ್ತರಕ್ಕೆ ವಾಸನೆಯಿರುತ್ತದೆ; ಮೂಗು ಮುಚ್ಚಿಕೊಳ್ಳದೆ ಕೇಳಿಸಿಕೊಳ್ಳಿ.”

ಸಭೆಯಲ್ಲಿ ಮುಂದೆ ಕುಳಿತಿದ್ದ ತಿಪ್ಪಮ್ಮನೆಂಬ ಮುದುಕಿ ಕೇಳಿದಳು: “ಅಯ್ನೋರೆ, ಹಂಗಾರೆ ಈ ಸಲ ಕೆಮ್ಮಣ್ಣು ಬಳೀಬೇಕೋ, ಬ್ಯಾಡ್ವೋ?”

“ಬಳಿಯವ್ವ. ಮೊದಲು ಕೆರಿ.”

“ಕಟ್ಟೆನೋ, ನಮ್ಮಕ್ಕನ್ನೋ?”

ಜನ ನಗುತ್ತ ಎದ್ದು ಮನೆಗಳಿಗೆ ಹೊರಟರು. ತಿಪ್ಪಮ್ಮ ಮಾತ್ರ ಅಕ್ಕನ ಮನೆಯ ತಿರುವಿನಲ್ಲಿ, ಯಾವ ಕಡೆಗೆ ಕಾಲಿಡಬೇಕೆಂದು ತಿಳಿಯದೆ, ಸರಿಯಾಗಿಯೇ ಇದ್ದ ಸೆರಗನ್ನು ಸರಿಮಾಡಿಕೊಳ್ಳುತ್ತ ನಿಂತಿದ್ದಳು.