ಸೊಕ್ಕಿನ ಅಕ್ಕ

ಕಾಡುದಾರಿಯ ಜೀಪ್ ಸವಾರಿಗೆ ಟಿಕೆಟ್ ಕೊಡುವ ಕಿಟಕಿಯ ಮುಂದೆ ಅಕ್ಕತಂಗಿಯರಿಬ್ಬರು ಅರ್ಜಿ ಹಿಡಿದು ನಿಂತುಬಿಟ್ಟಿದ್ದರು. ಸಾಲಿನಲ್ಲಿ ಅವರ ಹಿಂದಿದ್ದ ಗ್ರಂಥಪಾಲಕಿಯೊಬ್ಬಳು ತಾಳ್ಮೆಗೆಟ್ಟು, ಕೇಳಿಸಲಿ ಅಂತಲೇ ಲೊಚಗುಟ್ಟಿದಳು.

"ಸಹಿ ಹಾಕೇ ಅಕ್ಕಾ, ಜನ ಕಾಯ್ತಿದಾರೆ."

"ನೀವೆಲ್ಲ ಹೋಗ್ಬನ್ನಿ. ನಾನು ರೂಮಲ್ಲಿರ್ತೀನಿ."

"ಹೋದ ವರ್ಷ ಕುದುರೆ ಬೇಡ ಅಂದೆ, ನಿನ್ನೆ ದೋಣೀನೂ ಬೇಡ ಅಂದೆ. ನಮ್ಮನ್ನ ಕಂಡ್ರೆ ಅಷ್ಟು ತಾತ್ಸಾರಾನಾ?"

"ಇಲ್ಲಿ ಓದು. ದಾರಿಯುದ್ದಕ್ಕೂ ಎತ್ತಿ ಕುಕ್ಕುತ್ತೆ, ಎರಡು ಗಂಟೆ ಎಲ್ಲೂ ನಿಲ್ಲಿಸಲ್ಲ ಅಂತ ಬರ್ದಿದಾರೆ."

"ಅದಕ್ಕೇನೀಗ?"

ಅಕ್ಕ ದನಿ ತಗ್ಗಿಸಿದಳು. ಆದರೂ ಹಿಂದಿನವಳಿಗೆ ಕೇಳಿಸಿತು.

"ಚಿಕ್ಕವನು ಹುಟ್ಟಿದಾಗಿಂದ ನಂಗೆ ಹಿಡಿತ ಇಲ್ಲ ಕಣೇ. ಕೆಮ್ಮಿದ್ರೂ, ನಕ್ಕರೂ ಬಟ್ಟೆ ಒದ್ದೆಯಾಗುತ್ತೆ."

"ಆರು ವರ್ಷದಿಂದಾನಾ? ಡಾಕ್ಟರಿಗೆ ತೋರಿಸ್ಲಿಲ್ವಾ?"

"ಯಾವ ಬಾಯಲ್ಲಿ ಹೇಳ್ಲಿ? ನಿಮ್ ಭಾವಂಗೂ ಗೊತ್ತಿಲ್ಲ."

ಗ್ರಂಥಪಾಲಕಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮುಖ ಬಿಸಿಯಾಗಿ, ಎರಡು ಹೆಜ್ಜೆ ಹಿಂದೆ ಸರಿದಳು.

"ಅಕ್ಕಂಗೆ ಸೊಕ್ಕು ಅಂತ ನಾನು ಊರೆಲ್ಲ ಆಡ್ಕೊಂಡಿದೀನಿ" ಎಂದಳು ತಂಗಿ, ನೆಲ ನೋಡುತ್ತ.

"ಗೊತ್ತು. ಇದು ತಿಳಿಯೋದಕ್ಕಿಂತ ಸೊಕ್ಕು ಅಂದ್ಕೊಂಡ್ರೇ ವಾಸಿ ಅನ್ನಿಸ್ತಿತ್ತು."

ತಂಗಿ ಅರ್ಜಿಯಲ್ಲಿ ತಮ್ಮಿಬ್ಬರ ಹೆಸರನ್ನೂ ಹೊಡೆದುಹಾಕಿ ಕಿಟಕಿಯೊಳಗೆ ತಳ್ಳಿದಳು.

"ಅಯ್ಯೋ, ನೀನ್ಯಾಕೆ? ಮನೆಯವರಿಗೇನು ಹೇಳ್ತೀಯ?"

"ನಂಗೆ ಸೊಂಟ ಹಿಡ್ಕೊಂಡಿದೆ, ಅಕ್ಕ ನೋಡ್ಕೊಳ್ತಾಳೆ ಅಂತೀನಿ. ಅವರು ಹೋಗ್ಲಿ, ನಾವು ಡಾಕ್ಟರ ಹತ್ರ ಹೋಗೋಣ."

ಗಂಡಂದಿರೂ ಮಕ್ಕಳೂ ಜೀಪಿನ ಬಳಿ ಕಾಯುತ್ತಿದ್ದರು. ತಂಗಿ ಸೊಂಟದ ಮೇಲೆ ಕೈಯಿಟ್ಟು, ನರಳುತ್ತ, ಕುಂಟುತ್ತ ಅತ್ತ ಹೊರಟಳು. ಅಕ್ಕ ತಲೆ ಎತ್ತದೆ ಅವಳ ತೋಳು ಹಿಡಿದುಕೊಂಡು ನಡೆದಳು.